ಬಿಡಿ ಫಲಕ, ಇಡೀ ತೊಟ್ಟಿ

ಕಳೆದ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಕುರಿತ ಒಂದು ಮಾತುಕತೆಯ ಕಾರ್ಯಕ್ರಮಕ್ಕಾಗಿ ರಾಮದುರ್ಗದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಚಿತ್ರೀಕರಣ ನಡೆಸುತ್ತಿದ್ದೆವು. ಮಧ್ಯಾಹ್ನದ ಮೂರು ಗಂಟೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ನಲ್ಲಿ ತಿರುಗಿಸಿ ಬೊಗಸೆ ಒಡ್ಡಿದವನು ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ. ನೀರು ಅಷ್ಟು ಬಿಸಿ! ಸುಡುವ ನೀರು ಹರಿದುಹೋಗಲೆಂದು ನಲ್ಲಿಯನ್ನು ಹಾಗೆಯೇ ಬಿಟ್ಟು ನಿಂತ. ಅವನ ಹಿಂದೆ ಇನ್ನೂ ಹತ್ತು ಮಂದಿ ಕಾಯುತ್ತಿದ್ದರು. ನೀರಿಗೆ ಬರವಿರುವ ಊರಿನಲ್ಲಿ ನೀರು ಚರಂಡಿಗೆ ಹರಿಯುತ್ತಿತ್ತು. ಕೆಲವು ಮಕ್ಕಳು ಕುಡಿಯದೆಯೇ ತರಗತಿಗೆ ಮರಳಿದರು.

ಆ ಹುಡುಗ ನಮ್ಮನ್ನು ಕೇಳಿದ ಪ್ರಶ್ನೆ ಇದು: "ಸರ, ಮನ್ಯಾಗ ಗಡಿಗ್ಯಾಗಿನ ನೀರು ತಣ್ಣಗಿರ್ತಾವ. ಟಾಕ್ಯಾಗಿನ ನೀರು ಯಾಕ ಸುಡ್ತಾವ?"

ಪರದೆಯ ಮೇಲೆ ಈ ಪ್ರಶ್ನೆಗೆ ಸಿಕ್ಕಿದ್ದು ಮೂರು ನಿಮಿಷ. ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲೆಯ ಮುಖ್ಯೋಪಾಧ್ಯಾಯರಿಗೆ ಇನ್ನೊಂದು ಚಿಂತೆಯೂ ಇತ್ತು. ದೊಡ್ಡ ತೊಟ್ಟಿಯೊಂದನ್ನು ತರಿಸಬೇಕೆಂದರೆ ಶಾಲೆಗೆ ಬರುವ ಓಣಿ ಇಕ್ಕಟ್ಟು, ಲಾರಿ ಬರುವುದಿಲ್ಲ. ಈ ಎರಡು ತೊಂದರೆಗಳಿಗೂ ಉತ್ತರವಾಗಬಲ್ಲ ವಸ್ತುವೊಂದಿದೆ. ಬಿಡಿ ಫಲಕಗಳನ್ನು ಹೊತ್ತು ತಂದು, ಸ್ಥಳದಲ್ಲೇ ಜೋಡಿಸಿ, ಸಂದುಗಳನ್ನು ಮುಚ್ಚಿ ಕಟ್ಟುವ, ಶಾಖವನ್ನು ತಡೆಯುವ ತೊಟ್ಟಿ ಅದು. ಅದರ ವಿನ್ಯಾಸದಲ್ಲಿ ನಿಮ್ಮ ಪಠ್ಯಪುಸ್ತಕದ ಅರ್ಧ ಭೌತವಿಜ್ಞಾನ ಅಡಗಿದೆ.

ಗಡಿಗೆ ಬೆವರುತ್ತದೆ, ಟಾಕಿ ಬೆವರುವುದಿಲ್ಲ

ಮೊದಲು ಹುಡುಗನ ಪ್ರಶ್ನೆ. ಮಣ್ಣಿನ ಗಡಿಗೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ನೀರು ಅವುಗಳ ಮೂಲಕ ಜಿನುಗಿ ಹೊರಮೈಯಲ್ಲಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಹೀಗಾಗಿ ಗಡಿಗೆಯ ನೀರು ಸುತ್ತಲಿನ ಗಾಳಿಗಿಂತ ತಣ್ಣಗಿರುತ್ತದೆ.

ಆದರೆ ಟಾಕಿ ಸೋರಬಾರದು. ಸೋರದ ಪಾತ್ರೆ ಬೆವರಲಾರದು. ಗಡಿಗೆಯ ಉಪಾಯ ಅದಕ್ಕೆ ಒಗ್ಗುವುದಿಲ್ಲ. ಉಳಿದಿರುವ ದಾರಿ ಒಂದೇ: ಹೊರಗಿನ ಶಾಖ ಒಳಗೆ ಬರದಂತೆ ತಡೆಯುವುದು.

ಈ ಉಪಾಯವೂ ನಮ್ಮ ನಾಡಿಗೆ ಹೊಸದಲ್ಲ. ಸವದತ್ತಿ, ರಾಮದುರ್ಗ, ಬೈಲಹೊಂಗಲ ಕಡೆಯ ಹಳೆಯ ಮನೆಗಳಿಗೆ ದಪ್ಪ ಮಣ್ಣಿನ ಮಾಳಿಗೆ ಇರುತ್ತದೆ. ಹೊರಗೆ ಬಿಸಿಲು ಸುರಿಯುತ್ತಿದ್ದರೂ ಒಳಗೆ ತಂಪು. ಹಾಗೆಯೇ ಜೋಳವನ್ನು ಕಾಪಾಡಲು ನೆಲದೊಳಗೆ ತೋಡುತ್ತಿದ್ದ ಹಗೇವನ್ನು ನಿಮ್ಮ ಅಜ್ಜಂದಿರು ಬಲ್ಲರು. ಸುತ್ತ ಮಣ್ಣು, ಒಳಗೋಡೆಗೆ ಹುಲ್ಲು, ಕಿರಿದಾದ ಬಾಯಿ, ಅದರ ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿ ಗಾಳಿಯಾಡದಂತೆ ಮಾಡುವುದು. ಶಾಖವನ್ನು ತಡೆಯಬೇಕು, ಸಂದನ್ನು ಮುಚ್ಚಬೇಕು ಎಂಬ ಎರಡೂ ಪಾಠಗಳು ಹಗೇವಿನಲ್ಲಿವೆ. ನಮ್ಮ ತೊಟ್ಟಿಯನ್ನು ನೆಲದ ಮೇಲೆ ನಿಲ್ಲಿಸಿದ ಹಗೇವು ಎಂದುಕೊಂಡರೆ ತಪ್ಪಾಗದು.

ಯಾಕೆ ಬಿಡಿ ಫಲಕ?

ದೊಡ್ಡ ತೊಟ್ಟಿಯನ್ನು ಸಣ್ಣ ತುಂಡುಗಳಿಂದ ಕಟ್ಟುವ ವಿದ್ಯೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಕೋಲ್ಕತ್ತದ ಟಾಲಾ ಟ್ಯಾಂಕನ್ನು 1909ರಲ್ಲಿ ಕಟ್ಟಲು ಆರಂಭಿಸಿ 1911ರಲ್ಲಿ ಬಳಕೆಗೆ ತಂದರು. ಉಕ್ಕಿನ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ ಅದು ಸುಮಾರು 110 ಅಡಿ ಎತ್ತರದಲ್ಲಿ 4 ಕೋಟಿ ಲೀಟರಿನಷ್ಟು ನೀರನ್ನು ಹಿಡಿಯುತ್ತದೆ. ಅದೇ ಕಾಲದಲ್ಲಿ ಬ್ರೈತ್‌ವೇಟ್ ಹೆಸರಿನಿಂದ ಪ್ರಸಿದ್ಧವಾದ ಮಾದರಿಯಲ್ಲಿ 4 ಅಡಿ ಚೌಕದ, ಅಚ್ಚಿನಲ್ಲಿ ಒತ್ತಿದ ಉಕ್ಕಿನ ಫಲಕಗಳನ್ನು ಬೋಲ್ಟುಗಳಿಂದ ಬಿಗಿದು ತೊಟ್ಟಿ ಮಾಡುತ್ತಿದ್ದರು. ಹಳೆಯ ರೈಲು ನಿಲ್ದಾಣಗಳಲ್ಲಿ ಕಂಬಗಳ ಮೇಲೆ ಕುಳಿತ, ಮೈತುಂಬ ಚೌಕಗಳಿರುವ ಪೆಟ್ಟಿಗೆಯಾಕಾರದ ಟ್ಯಾಂಕನ್ನು ನೀವು ನೋಡಿರಬಹುದು.

ಉಕ್ಕಿಗೆ ತುಕ್ಕಿನ ಕಾಟ. ಆದ್ದರಿಂದ ಈಗ ಬಹಳ ಕಡೆ ಗಾಜಿನ ಎಳೆ ಬೆರೆಸಿದ ಪ್ಲಾಸ್ಟಿಕ್, ಅಂದರೆ ಜಿ.ಆರ್.ಪಿ. ಫಲಕಗಳನ್ನು ಬಳಸುತ್ತಾರೆ. ಮಣ್ಣಿನ ಗೋಡೆ ಬಿರಿಯದಿರಲೆಂದು ಮಣ್ಣಿಗೆ ಹುಲ್ಲು ಕಲಸುತ್ತಾರಲ್ಲ, ಇಲ್ಲಿ ಹುಲ್ಲಿನ ಕೆಲಸವನ್ನು ಗಾಜಿನ ಎಳೆ ಮಾಡುತ್ತದೆ. ಮಣ್ಣಿನ ಕೆಲಸವನ್ನು ಪಾಲಿಯೆಸ್ಟರ್ ರಾಳ ಮಾಡುತ್ತದೆ. ಕಲಸಿದ ಹಾಳೆಯನ್ನು ಬಿಸಿ ಅಚ್ಚಿನಲ್ಲಿಟ್ಟು ಭಾರಿ ಒತ್ತಡದಿಂದ ಒತ್ತಿದರೆ ಗಟ್ಟಿ ಫಲಕ ಸಿದ್ಧ. ಸಾಮಾನ್ಯ ಅಳತೆ 1 ಮೀಟರ್ ಚೌಕ. ಇಬ್ಬರು ಸೇರಿ ಹೊತ್ತು ಯಾವ ಓಣಿಯಲ್ಲಾದರೂ ಸಾಗಿಸಬಹುದು.

ಈಗ ನಮ್ಮ ಶಾಲೆಗೆ 4 ಮೀಟರ್ ಉದ್ದ, 3 ಮೀಟರ್ ಅಗಲ, 2 ಮೀಟರ್ ಎತ್ತರದ ತೊಟ್ಟಿಯೊಂದನ್ನು ಕಾಗದದ ಮೇಲೆ ಕಟ್ಟೋಣ. ಗಾತ್ರ 24 ಘನ ಮೀಟರ್, ಅಂದರೆ 24,000 ಲೀಟರ್. ಎಷ್ಟು ಫಲಕ ಬೇಕು? ತಳಕ್ಕೆ 12, ಮೇಲ್ಛಾವಣಿಗೆ 12, ನಾಲ್ಕು ಗೋಡೆಗಳಿಗೆ 28. ಒಟ್ಟು 52.

ಇನ್ನು ಸಂದುಗಳ ಲೆಕ್ಕ. ಪ್ರತಿ ಫಲಕಕ್ಕೆ ನಾಲ್ಕು ಅಂಚು. ಪ್ರತಿ ಸಂದಿನಲ್ಲಿ ಎರಡು ಅಂಚುಗಳು ಸೇರುತ್ತವೆ. 52ನ್ನು 4ರಿಂದ ಗುಣಿಸಿ 2ರಿಂದ ಭಾಗಿಸಿದರೆ 104. ಒಂದೊಂದು ಸಂದು 1 ಮೀಟರ್ ಉದ್ದವಾದ್ದರಿಂದ ಒಟ್ಟು 104 ಮೀಟರ್ ಸಂದು! ಮೇಲ್ಛಾವಣಿಗೆ ಸೇರಿದ 31 ಮೀಟರನ್ನು ಬಿಟ್ಟರೂ, ನೀರನ್ನು ತಡೆದು ನಿಲ್ಲಬೇಕಾದ ಸಂದು 73 ಮೀಟರ್.

ಸಂದುಗಳು ಒಂದನ್ನೊಂದು ಕೂಡುವ ಮೂಲೆಗಳೆಷ್ಟು? ಎಣಿಸುವ ಶ್ರಮ ಬೇಡ. ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರ್ ಕೊಟ್ಟ ಸೂತ್ರವಿದೆ: ಮುಖಗಳ ಸಂಖ್ಯೆಗೆ ಮೂಲೆಗಳ ಸಂಖ್ಯೆಯನ್ನು ಕೂಡಿಸಿ ಅಂಚುಗಳ ಸಂಖ್ಯೆಯನ್ನು ಕಳೆದರೆ ಯಾವಾಗಲೂ 2. ಮುಖ 52, ಅಂಚು 104. ಆದ್ದರಿಂದ ಮೂಲೆ 54. ಇವುಗಳಲ್ಲಿ ಎಂಟರಲ್ಲಿ ಮೂರು ಫಲಕಗಳೂ, ಉಳಿದ 46ರಲ್ಲಿ ನಾಲ್ಕು ಫಲಕಗಳೂ ಒಂದೆಡೆ ಸೇರುತ್ತವೆ. ಈ ಸಂಖ್ಯೆಗಳನ್ನು ನೆನಪಿನಲ್ಲಿಡಿ. ತೊಟ್ಟಿ ಗೆಲ್ಲುವುದೂ ಸೋಲುವುದೂ ಫಲಕದ ನಡುವಿನಲ್ಲಲ್ಲ, ಇಲ್ಲಿ.

ನೀರಿನ ಒತ್ತು

ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟನ್ನು ನೀವು ಕಂಡಿರಬಹುದು. ಅದರ ಹಿಂದಿನ ರೇಣುಕಾಸಾಗರದಲ್ಲಿ ಸುಮಾರು 37 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಹುಬ್ಬಳ್ಳಿ-ಧಾರವಾಡದ ನಲ್ಲಿಗಳಿಗೂ ಇಲ್ಲಿಂದ ನೀರು ಹೋಗುತ್ತದೆ. ಅಣೆಕಟ್ಟಿನ ಗೋಡೆ ಮೇಲೆ ಕಿರಿದು, ಕೆಳಗೆ ದಪ್ಪ. ಏಕೆಂದರೆ ನೀರಿನ ಒತ್ತಡ ಆಳದೊಂದಿಗೆ ಏರುತ್ತದೆ. ಜಲಾಶಯ ಎಷ್ಟು ಅಗಲ ಎಂಬುದಕ್ಕೂ ಒತ್ತಡಕ್ಕೂ ಸಂಬಂಧವಿಲ್ಲ. 2 ಮೀಟರ್ ಆಳದಲ್ಲಿ ರೇಣುಕಾಸಾಗರದ ಒತ್ತಡವೂ ನಮ್ಮ ಶಾಲೆಯ ತೊಟ್ಟಿಯ ಒತ್ತಡವೂ ಒಂದೇ!

ಪ್ರತಿ 1 ಮೀಟರ್ ಆಳಕ್ಕೆ ಚದರ ಮೀಟರಿಗೆ ಸುಮಾರು 1 ಟನ್ ಭಾರದಷ್ಟು ಒತ್ತು ಹೆಚ್ಚುತ್ತದೆ. ತೊಟ್ಟಿ ತುಂಬಿದಾಗ ಗೋಡೆಯ ಮೇಲಿನ ಸಾಲಿನ ಫಲಕಕ್ಕೆ ಸರಾಸರಿ ಆಳ ಅರ್ಧ ಮೀಟರ್. ಅದರ ಮೇಲೆ ಅರ್ಧ ಟನ್. ಕೆಳಗಿನ ಸಾಲಿಗೆ ಸರಾಸರಿ ಆಳ ಒಂದೂವರೆ ಮೀಟರ್. ಅದರ ಮೇಲೆ ಒಂದೂವರೆ ಟನ್. ಅಂದರೆ ಮೂರು ಪಟ್ಟು. ಮೂರನೆಯ ಸಾಲು ಇದ್ದಿದ್ದರೆ ಐದು ಪಟ್ಟು. ನಾಲ್ಕನೆಯದಕ್ಕೆ ಏಳು ಪಟ್ಟು. ಒಂದು, ಮೂರು, ಐದು, ಏಳು. ಮೇಲಿನಿಂದ ಬೀಳುವ ಕಲ್ಲು ಪ್ರತಿ ಸೆಕೆಂಡಿನಲ್ಲಿ ಕ್ರಮಿಸುವ ದೂರಗಳ ಅನುಪಾತವೂ ಇದೇ ಅಲ್ಲವೆ?

ಆದ್ದರಿಂದ ಒಳ್ಳೆಯ ವಿನ್ಯಾಸದಲ್ಲಿ ಕೆಳಸಾಲಿನ ಫಲಕಗಳು ಮೇಲ್ಸಾಲಿನವಕ್ಕಿಂತ ದಪ್ಪವಾಗಿರುತ್ತವೆ. ನೋಡಲು ಒಂದೇ ಬಗೆ. ಜೋಡಿಸುವಾಗ ಅದಲುಬದಲಾದರೆ ಅಪಾಯ. ಅದಕ್ಕೇ ಅವುಗಳ ಮೇಲೆ ಗುರುತು ಹಾಕಿರುತ್ತಾರೆ.

4 ಮೀಟರ್ ಉದ್ದದ ಗೋಡೆಯ ಮೇಲೆ ಒಟ್ಟು 8 ಟನ್ ಒತ್ತು ಹೊರಮುಖವಾಗಿ ಬೀಳುತ್ತದೆ. ಎದುರು ಗೋಡೆಯ ಮೇಲೂ ಅಷ್ಟೇ, ವಿರುದ್ಧ ದಿಕ್ಕಿನಲ್ಲಿ. ಎರಡು ಗೋಡೆಗಳನ್ನು ಒಳಗಿನಿಂದ ಸ್ಟೇನ್‌ಲೆಸ್ ಸ್ಟೀಲ್ ಸರಳುಗಳಿಂದ ಕಟ್ಟಿಬಿಟ್ಟರೆ ಒಂದರ ಎಳೆತ ಇನ್ನೊಂದನ್ನು ಹಿಡಿಯುತ್ತದೆ. ಇನ್ನು ಫಲಕದ ಮೈ ಸಪಾಟಾಗಿರುವುದಿಲ್ಲ. ಉಬ್ಬು, ಏಣುಗಳನ್ನು ಒತ್ತಿರುತ್ತಾರೆ. ಒಂದು ಕಾಗದವನ್ನು ಎರಡು ಪುಸ್ತಕಗಳ ನಡುವೆ ಸೇತುವೆಯಂತೆ ಇಡಿ, ಬಾಗಿ ಬೀಳುತ್ತದೆ. ಅದನ್ನೇ ನೆರಿಗೆ ಮಡಿಸಿ ಇಡಿ, ಪೆನ್ಸಿಲ್ ಹೊರುತ್ತದೆ. ವಸ್ತು ಹೆಚ್ಚಲಿಲ್ಲ, ಆಕಾರ ಬದಲಾಯಿತು, ಅಷ್ಟೆ.

ಶಾಖದ ದಾರಿ

ಭಾರ ಹೊರಲು ಫಲಕ ಸಿಕ್ಕಿತು. ಶಾಖವನ್ನು ತಡೆಯಲು? ಒಂದು ವಸ್ತುವಿನ ಮೂಲಕ ಶಾಖ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು ಉಷ್ಣವಾಹಕತೆ ಎಂಬ ಸಂಖ್ಯೆ ತಿಳಿಸುತ್ತದೆ. ಸಾಮಾನ್ಯ ಉಕ್ಕಿಗೆ ಅದು ಸುಮಾರು 50, ನೀರಿಗೆ 0.6, ಜಿ.ಆರ್.ಪಿ.ಗೆ 0.25ರ ಆಸುಪಾಸು, ಪಾಲಿಯುರಿಥೇನ್ ಫೋಮಿಗೆ ಕೇವಲ 0.025. ಫೋಮ್ ಎಂದರೆ ಗಟ್ಟಿಯಾದ ನೊರೆ. ಅದರ ಬಹುಪಾಲು ಅನಿಲವೇ. ಸಾವಿರಾರು ಸಣ್ಣ ಕೋಶಗಳಲ್ಲಿ ಸೆರೆಯಾದ ಅನಿಲ ಅಲುಗಾಡಲಾರದು; ಅಲುಗಾಡದ ಅನಿಲ ಶಾಖವನ್ನು ಹೊತ್ತೊಯ್ಯಲಾರದು. ಚಳಿಗಾಲದಲ್ಲಿ ಕಂಬಳಿ ಬೆಚ್ಚಗಿರುವುದೂ ಇದೇ ಕಾರಣಕ್ಕೆ.

ಫಲಕದ ಹೊರಮೈಗೆ 5 ಸೆಂ.ಮೀ. ಫೋಮ್ ಹಚ್ಚಿ, ಅದರ ಮೇಲೆ ಇನ್ನೊಂದು ತೆಳುಹೊದಿಕೆ ಹಾಕುತ್ತೇವೆ. ಬಿಸಿಲಿಗೆ ಹೊರಮೈ 48 ಡಿಗ್ರಿ ಸೆಲ್ಸಿಯಸ್‌ಗೆ ಏರಿದೆ, ಒಳಗಿನ ನೀರು 28 ಡಿಗ್ರಿ ಇದೆ ಎನ್ನಿ. ವ್ಯತ್ಯಾಸ 20. ಉಷ್ಣವಾಹಕತೆಯನ್ನು ವ್ಯತ್ಯಾಸದಿಂದ ಗುಣಿಸಿ ದಪ್ಪದಿಂದ ಭಾಗಿಸಿದರೆ ಒಂದು ಫಲಕದ ಮೂಲಕ 10 ವ್ಯಾಟ್. 52 ಫಲಕಗಳಿಗೂ ಇದೇ ಗತಿ ಎಂದು ಹಿಡಿದರೂ 520 ವ್ಯಾಟ್. ಎಂಟು ಗಂಟೆಗೆ ಸುಮಾರು 4 ಯೂನಿಟ್ ಶಾಖ. 24,000 ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡಲು 28 ಯೂನಿಟ್ ಬೇಕು. ಅಂದರೆ ಇಡೀ ಹಗಲಿನಲ್ಲಿ ನೀರು ಕಾಲು ಡಿಗ್ರಿಯೂ ಏರುವುದಿಲ್ಲ. ಫೋಮ್ ಇಲ್ಲದೆ 5 ಮಿ.ಮೀ. ಜಿ.ಆರ್.ಪಿ. ಮಾತ್ರ ಇದ್ದರೆ ಆ ಗೋಡೆ ಕೊಡುವ ತಡೆ ಇದರ ನೂರರಲ್ಲಿ ಒಂದು ಪಾಲು.

ಇಲ್ಲೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ಈ ಲಾಭವೆಲ್ಲ ಫೋಮಿನದಲ್ಲ. ದೊಡ್ಡ ಗಾತ್ರದ್ದೂ ಹೌದು. 1 ಘನ ಮೀಟರಿನ ಸಣ್ಣ ಟಾಕಿಯಲ್ಲಿ 1,000 ಲೀಟರಿಗೆ 6 ಚದರ ಮೀಟರ್ ಮೈ. ನಮ್ಮ ತೊಟ್ಟಿಯಲ್ಲಿ 1,000 ಲೀಟರಿಗೆ ಸುಮಾರು 2.2 ಚದರ ಮೀಟರ್ ಮಾತ್ರ. ಲೋಟದ ಚಹ ಬೇಗ ಆರುತ್ತದೆ, ಹಂಡೆಯ ನೀರು ತಡವಾಗಿ ಆರುತ್ತದೆ. ಬಿಸಿಯಾಗುವುದೂ ಹಾಗೆಯೇ. ಶಾಲೆಯ ಮೇಲಿನ ಸಣ್ಣ ಕಪ್ಪು ಟಾಕಿ ಮಧ್ಯಾಹ್ನ ಮೂರಕ್ಕೆ ಸುಡುತ್ತಿದ್ದುದಕ್ಕೆ ಅದರ ಸಣ್ಣ ಗಾತ್ರ, ಕಪ್ಪು ಬಣ್ಣ, ಊಟದ ಹೊತ್ತಿಗೆ ಅದು ಅರ್ಧ ಖಾಲಿಯಾಗಿದ್ದುದು ಮೂರೂ ಕಾರಣ. ಬಿಸಿಲಿನಲ್ಲಿ ಬಿದ್ದಿದ್ದ ಕೊಳವೆಯದೂ ಪಾಲಿತ್ತು. ತೊಟ್ಟಿಗೆ ಕಂಬಳಿ ಹೊದಿಸಿ ಕೊಳವೆಯನ್ನು ಬಿಸಿಲಿಗೆ ಬಿಟ್ಟರೆ ಮೊದಲ ಬೊಗಸೆ ಸುಡುವುದು ತಪ್ಪದು.

ಈಗ ವಿನ್ಯಾಸಕಾರರು ಎಡವುವ ಜಾಗಕ್ಕೆ ಬರೋಣ. ಫಲಕಗಳನ್ನು ಬಿಗಿಯಲು ಪ್ರತಿ ಅಂಚಿಗೆ ಎಂಟು ಬೋಲ್ಟ್ ಎಂದುಕೊಳ್ಳಿ. ಒಂದು ಫಲಕದ ಪಾಲಿಗೆ 16. ಒಂದೊಂದರ ವ್ಯಾಸ 10 ಮಿ.ಮೀ. ಈ ಬೋಲ್ಟುಗಳು ಒಳಗಿನಿಂದ ಹೊರಕ್ಕೆ ಫೋಮನ್ನು ಚುಚ್ಚಿಕೊಂಡು ಹೋದರೆ ಏನಾಗುತ್ತದೆ? ಹದಿನಾರರ ಅಡ್ಡಕೊಯ್ತ ಸೇರಿ ಸುಮಾರು 12.5 ಚದರ ಸೆಂ.ಮೀ. ಅಂಗೈಗಿಂತ ಕಡಿಮೆ. ಆದರೆ ಉಕ್ಕು ಫೋಮಿಗಿಂತ 2,000 ಪಟ್ಟು ಸುಲಭವಾಗಿ ಶಾಖವನ್ನು ಬಿಡುತ್ತದೆ. ಗುಣಿಸಿ ನೋಡಿ. ಅದು 2.5 ಚದರ ಮೀಟರ್ ಫೋಮಿಗೆ ಸಮ! ಇಡೀ ಫಲಕದ ಮೂಲಕ ಬರುವ ಶಾಖಕ್ಕಿಂತ ಎರಡೂವರೆ ಪಟ್ಟು ಶಾಖ ಅಂಗೈಯಷ್ಟು ಉಕ್ಕಿನ ಮೂಲಕ ನುಸುಳುತ್ತದೆ. ಇದನ್ನು ಉಷ್ಣಸೇತುವೆ ಎನ್ನುತ್ತಾರೆ. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ.

ಆದ್ದರಿಂದ ಬೋಲ್ಟು ಫೋಮನ್ನು ದಾಟಬಾರದು. ಫಲಕದ ಅಂಚುಗಳನ್ನು ಹೊರಕ್ಕೆ ಮಡಿಸಿ, ಆ ಮಡಿಕೆಗಳನ್ನು ಒಂದಕ್ಕೊಂದು ತಾಗಿಸಿ, ಬೋಲ್ಟನ್ನು ಗೋಡೆಗೆ ಸಮಾನಾಂತರವಾಗಿ ಹಾಕುತ್ತಾರೆ. ಆಮೇಲೆ ಮಡಿಕೆ ಮತ್ತು ಬೋಲ್ಟುಗಳ ಸಾಲಿನ ಮೇಲೂ ಫೋಮಿನ ಪಟ್ಟಿಯೊಂದನ್ನು ಟೋಪಿಯಂತೆ ತೊಡಿಸಬೇಕು. ಈ ಟೋಪಿಯನ್ನು ಮರೆತರೆ 104 ಮೀಟರ್ ಉದ್ದದ ಸಂದು ಬಿಸಿಲಿಗೆ ಬೆನ್ನೊಡ್ಡಿ ನಿಲ್ಲುತ್ತದೆ.

ಇನ್ನೊಂದು ಅಪಾಯ ನೀರಿನಿಂದಲೇ. ಫೋಮ್ ಒದ್ದೆಯಾದರೆ ಅನಿಲದ ಜಾಗವನ್ನು ನೀರು ಹಿಡಿಯುತ್ತದೆ. ನೀರಿನ ಉಷ್ಣವಾಹಕತೆ ಫೋಮಿನದಕ್ಕಿಂತ 24 ಪಟ್ಟು. ಒದ್ದೆ ಕಂಬಳಿ ಹೊದ್ದವನ ಗತಿ! ಅದಕ್ಕೇ ಫಲಕದ ನಾಲ್ಕೂ ಅಂಚುಗಳಲ್ಲಿ ಫೋಮ್ ಎಲ್ಲೂ ಬಯಲಾಗದಂತೆ ಹೊದಿಕೆಯನ್ನು ಮಡಿಸಿ ಮುಚ್ಚುತ್ತಾರೆ. ಒಳಗಿನ ನೀರೂ ಹೊರಗಿನ ಮಳೆಯೂ ಅದನ್ನು ಮುಟ್ಟಬಾರದು.

ಸಂದನ್ನು ಮುಚ್ಚುವುದು

ಎರಡು ಫಲಕಗಳ ಅಂಚು ನಮ್ಮ ಕಣ್ಣಿಗೆ ನುಣುಪು. ಸೂಕ್ಷ್ಮವಾಗಿ ನೋಡಿದರೆ ಬೆಟ್ಟ-ಕಣಿವೆ. ನಡುವೆ ಮೆತ್ತನೆಯ ರಬ್ಬರ್ ಪಟ್ಟಿಯನ್ನಿಟ್ಟು ಬಿಗಿದರೆ ರಬ್ಬರು ಕಣಿವೆಗಳನ್ನು ತುಂಬುತ್ತದೆ. ಅಡಿಗೆಮನೆಯ ಕುಕ್ಕರಿನ ಗ್ಯಾಸ್ಕೆಟ್ ಮಾಡುವುದೂ ಇದನ್ನೇ. ನೀರಿನ ತೊಟ್ಟಿಗೆ ಸಾಮಾನ್ಯವಾಗಿ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರು. ಬಿಸಿಲನ್ನೂ ಓಝೋನನ್ನೂ ವರ್ಷಗಟ್ಟಲೆ ತಾಳುತ್ತದೆ. ಆದರೆ ಎಣ್ಣೆ ತಾಗಿದರೆ ಅದು ಉಬ್ಬಿ ಹಾಳಾಗುತ್ತದೆ. ಡೀಸೆಲ್ ತುಂಬುವ ತೊಟ್ಟಿಗೆ ನೈಟ್ರೈಲ್ ರಬ್ಬರು ಬೇಕು. ಹಾಲಿಗಂತೂ ಬಿಡಿ ಫಲಕದ ತೊಟ್ಟಿಯೇ ಸಲ್ಲದು. ಸಂದು ಇದ್ದಲ್ಲಿ ಹಾಲು ಕೂತು ಹುಳಿಯುತ್ತದೆ. ಹಳ್ಳಿಯ ಡೈರಿಯಲ್ಲಿ ಹಾಲನ್ನು 4 ಡಿಗ್ರಿಗೆ ತಣಿಸಿಡುವ ಪಾತ್ರೆ ಸಂದಿಲ್ಲದ ಸ್ಟೇನ್‌ಲೆಸ್ ಸ್ಟೀಲಿನದು. ಅದರ ಹೊರಗಡೆಯೂ ಇದೇ ಫೋಮ್ ಇರುತ್ತದೆ. ಯಾವ ದ್ರವ ಎಂದು ಕೇಳದೆ ತೊಟ್ಟಿಯ ವಿನ್ಯಾಸ ಆರಂಭವಾಗುವುದಿಲ್ಲ.

ಬೋಲ್ಟುಗಳನ್ನು ಬಿಗಿಯುವುದಕ್ಕೂ ಕ್ರಮವಿದೆ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಒಂದು ಆವರಣದಲ್ಲಿ ತೊಟ್ಟಿ ಜೋಡಿಸುವುದನ್ನು ಚಿತ್ರೀಕರಿಸುತ್ತಿದ್ದಾಗ, ಮೂಲೆಯ ಮೇಲೆ ಬೆಳಕು ಚೆನ್ನಾಗಿ ಬಿದ್ದಿದೆ, ಆ ಬೋಲ್ಟನ್ನೇ ಮೊದಲು ಬಿಗಿಯಿರಿ ಎಂದು ಕೆಲಸಗಾರರನ್ನು ಒತ್ತಾಯಿಸಿದೆ. ಹಿರಿಯ ಮೇಸ್ತ್ರಿ ಬೇಡವೆಂದರು, ನಾನು ಕೇಳಲಿಲ್ಲ. ಮರುದಿನ ನೀರು ತುಂಬಿಸಿದಾಗ ನಾಲ್ಕು ಫಲಕ ಸೇರುವ ಅದೇ ಜಾಗದಲ್ಲಿ ಹನಿ ತೊಟ್ಟಿಕ್ಕಿತು. ಎರಡೂ ತುದಿಗಳನ್ನು ಮೊದಲು ಬಿಗಿದರೆ ನಡುವಿನ ರಬ್ಬರಿಗೆ ಸರಿಯಲು ಜಾಗವಿಲ್ಲದೆ ಅದು ಸುಕ್ಕುಗಟ್ಟುತ್ತದೆ. ನಡುವಿನಿಂದ ತುದಿಗೆ, ಸ್ವಲ್ಪ ಸ್ವಲ್ಪವಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ನೀರಿಳಿಸಿ ಬೋಲ್ಟುಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಲು ಒಂದು ಇಡೀ ದಿನ ಹಿಡಿಯಿತು. ನಮ್ಮ ತೊಟ್ಟಿಯಲ್ಲಿ ನೀರು ತಾಗುವ ಮೂಲೆಗಳು 34. ಒಂದು ಸೋತರೂ ತೊಟ್ಟಿ ಸೋರುತ್ತದೆ.

ಮುಚ್ಚಿರಬೇಕು, ಉಸಿರಾಡಲೂ ಬೇಕು

ಹಾಗೆಂದು ತೊಟ್ಟಿಯನ್ನು ಪೂರ್ತಿ ಮುಚ್ಚಿಬಿಡಬಹುದೆ? ಇಲ್ಲ. ನೀರು ಇಳಿಯುವಾಗ ಆ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಒಳಗೆ ಒತ್ತಡ ಕುಸಿಯುತ್ತದೆ. ವಾಯುಮಂಡಲ ಪ್ರತಿ ಚದರ ಮೀಟರನ್ನು ಸುಮಾರು 10 ಟನ್ನಿನಷ್ಟು ಒತ್ತುತ್ತದೆ. ಒಳಗಿನ ಒತ್ತಡ ನೂರಕ್ಕೆ ಒಂದರಷ್ಟು ಇಳಿದರೂ ಪ್ರತಿ ಫಲಕದ ಮೇಲೆ ಹೊರಗಿನಿಂದ 100 ಕಿ.ಗ್ರಾಂ. ಭಾರ ಕುಳಿತಂತೆ. ಚಾವಣಿಯ ಫಲಕ ಇದಕ್ಕೆಂದು ಮಾಡಿದ್ದಲ್ಲ, ಒಳಕ್ಕೆ ಕುಸಿದೀತು. ಆದ್ದರಿಂದ ಗಾಳಿಕೊಳವೆ ಬೇಕು. ಅದರ ಬಾಯಿ ಕೆಳಮುಖವಾಗಿರಬೇಕು, ಅದಕ್ಕೆ ನಯವಾದ ಜಾಲರಿ ಇರಬೇಕು.

ಜಾಲರಿ ಸಣ್ಣ ಸಂಗತಿಯಲ್ಲ. ಡೆಂಗಿ ಮತ್ತು ಚಿಕುನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಮನೆಯ ಸುತ್ತಲಿನ ನಿಂತ ನೀರಿನ ಪಾತ್ರೆಗಳಲ್ಲಿ. 2006ರಲ್ಲಿ ಕರ್ನಾಟಕದ ಊರೂರುಗಳಲ್ಲಿ ಜನ ಕೀಲು ಹಿಡಿದು ಮಲಗಿದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ತಂಪಾದ ನೀರಿಗೆ ಇನ್ನೊಂದು ಲಾಭವೂ ಇದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಬೆರೆಸಿದ ಕ್ಲೋರಿನ್ ಬೇಗ ಕಳೆದುಹೋಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕದ ನಿಯಮ. ಬೆಳಕು ಒಳಗೆ ಬಾರದ ಗೋಡೆಯಿದ್ದರೆ ಪಾಚಿಯೂ ಬೆಳೆಯದು.

ಒಂದು ಎಚ್ಚರಿಕೆ. ಹಗೇವಿನ ಬಾಯಿ ತೆರೆದ ಕೂಡಲೇ ಬಲ್ಲವರು ಯಾರೂ ಅದರೊಳಗೆ ಇಳಿಯುವುದಿಲ್ಲ. ಒಳಗಿನ ಧಾನ್ಯ ಉಸಿರಾಡಿ ಆಮ್ಲಜನಕ ಮುಗಿದಿರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಹಾಗೆ ಇಳಿದು ಪ್ರಾಣ ಕಳೆದುಕೊಂಡವರಿದ್ದಾರೆ. ಮುಚ್ಚಿದ ಯಾವ ತೊಟ್ಟಿಗೂ ಇದೇ ನಿಯಮ. ತೊಳೆಯಲು ಇಳಿಯುವ ಮುನ್ನ ಗಾಳಿಯಾಡಿಸಿ, ಒಳಗಿನ ಗಾಳಿಯನ್ನು ಪರೀಕ್ಷಿಸಿರಬೇಕು, ಹೊರಗೊಬ್ಬರು ಕಾವಲಿರಬೇಕು. ಇದು ಹಿರಿಯರ ಕೆಲಸ, ತರಬೇತಿ ಪಡೆದವರ ಕೆಲಸ. ವಿದ್ಯಾರ್ಥಿಗಳು ಎಂದಿಗೂ ಇಳಿಯಕೂಡದು.

ನಾಲ್ಕು ಊರು, ನಾಲ್ಕು ಪ್ರಶ್ನೆ

ಅದೇ 52 ಫಲಕಗಳನ್ನು ನಾಲ್ಕು ಊರುಗಳಿಗೆ ಒಯ್ದರೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳು ಎದುರಾಗುತ್ತವೆ.

ಕಿತ್ತೂರು ಮಲೆನಾಡಿನ ಸೆರಗು. ಅಲ್ಲಿಂದ ಪೂರ್ವಕ್ಕೆ ರಾಮದುರ್ಗದತ್ತ ಬಂದಂತೆ ಮಳೆ ಕಡಿಮೆಯಾಗುತ್ತದೆ. ಕಿತ್ತೂರಿನ ಕೋಟೆಯೊಳಗಿನ ಅರಮನೆಯ ಅವಶೇಷಗಳಲ್ಲಿ ಸ್ನಾನದ ಕೋಣೆಗಳನ್ನು ಇಂದಿಗೂ ಕಾಣಬಹುದು. ನೀರನ್ನು ಹಿಡಿದಿಟ್ಟು ಬಳಸುವ ಜಾಣ್ಮೆ ಅಲ್ಲಿ ಹಳೆಯದು. ಅಲ್ಲಿನ ತೊಟ್ಟಿಗೆ ಮುಖ್ಯ ಶತ್ರು ಹೊರಗಿನ ಮಳೆ. ಫೋಮಿನ ಹೊದಿಕೆ ಮತ್ತು ಸಂದಿನ ಟೋಪಿ ನೀರನ್ನು ಹಿಡಿದಿಡದೆ ಕೆಳಕ್ಕೆ ಜಾರಿಸಬೇಕು.

ಬೈಲಹೊಂಗಲದ ಪ್ರಶ್ನೆ ನೆಲದ ಕೆಳಗಿದೆ. ಅಲ್ಲಿನ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ತುಂಬಿದ ತೊಟ್ಟಿಯ ನೀರೇ 24 ಟನ್. ಅಡಿಪಾಯದ ಒಂದು ಮೂಲೆ ಕೆಲವೇ ಮಿಲಿಮೀಟರ್ ಕುಸಿದರೂ ಸಂದುಗಳು ಬಾಯಿ ಬಿಡುತ್ತವೆ. ಎರೆಯನ್ನು ದಾಟಿ ಗಟ್ಟಿ ಗರಸಿನ ತನಕ ಅಡಿಪಾಯ ಇಳಿಸಬೇಕು. ಅಲ್ಲಿ ಒಳ್ಳೆಯ ತೊಟ್ಟಿ ಕಟ್ಟುವ ಕೆಲಸ ಗುದ್ದಲಿಯಿಂದ ಆರಂಭವಾಗುತ್ತದೆ.

ಸವದತ್ತಿಯಲ್ಲಿ ಜನಸಂಖ್ಯೆಯ ಪ್ರಶ್ನೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಜಾತ್ರೆಗೆ ಸಾಲುವ ತೊಟ್ಟಿ ಉಳಿದ ದಿನಗಳಿಗೆ ಅತಿ ದೊಡ್ಡದು. ನೀರು ದಿನಗಟ್ಟಲೆ ನಿಂತು ಕೆಡುತ್ತದೆ. ಬಿಡಿ ಫಲಕದ ತೊಟ್ಟಿಗೆ ನಡುಗೋಡೆ ಹಾಕಿ ಎರಡು ಕೋಣೆ ಮಾಡಬಹುದು. ಬೇಡದಾಗ ಒಂದನ್ನು ಬರಿದಾಗಿಡಬಹುದು. ನೆನಪಿರಲಿ, ಆಗ ನಡುಗೋಡೆ ಒಂದೇ ಕಡೆಯಿಂದ ಒತ್ತು ತಾಳಬೇಕು.

ರಾಮದುರ್ಗದಲ್ಲಿ ಬಿಸಿಲಿನ ಪ್ರಶ್ನೆ ಇದ್ದೇ ಇದೆ. ಹೊಳೆಯ ಪ್ರಶ್ನೆಯೂ ಇದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ತಾಲ್ಲೂಕಿನ ದಂಡೆಯ ಊರುಗಳಿಗೆ ನುಗ್ಗಿತು. ಬರಿದಾದ ತೊಟ್ಟಿಯ ಸುತ್ತ ನೀರು ಬಂದರೆ? ಆರ್ಕಿಮಿಡೀಸನನ್ನು ಕೇಳಿ. ಒಂದು ಫಲಕ 35 ಕಿ.ಗ್ರಾಂ. ಎಂದು ಹಿಡಿದರೆ 52ಕ್ಕೆ ಸುಮಾರು 1.8 ಟನ್. ತಳ 12 ಚದರ ಮೀಟರ್. ತಳಕ್ಕಿಂತ ಕೇವಲ 15 ಸೆಂ.ಮೀ. ಮೇಲೆ ನೀರು ಏರಿದರೆ 1.8 ಟನ್ ನೀರು ಪಕ್ಕಕ್ಕೆ ಸರಿದಿರುತ್ತದೆ. ತೊಟ್ಟಿ ತೇಲಲು ಅಷ್ಟು ಸಾಕು! ಆದ್ದರಿಂದ ಹೊಳೆದಂಡೆಯ ತೊಟ್ಟಿಯನ್ನು ಎತ್ತರದಲ್ಲಿಡಬೇಕು, ಅಡಿಪಾಯಕ್ಕೆ ಬಿಗಿಯಬೇಕು. ಪ್ರವಾಹದ ಸುದ್ದಿ ಬಂದಾಗ ಅದನ್ನು ಬರಿದಾಗಿಸದೆ ತುಂಬಿಸಿಡಬೇಕು.

ಭಾರ ಹೊರುವ ಕೆಲಸ ಫಲಕದ್ದು, ಶಾಖ ತಡೆಯುವ ಕೆಲಸ ಫೋಮಿನದು, ನೀರು ತಡೆಯುವ ಕೆಲಸ ರಬ್ಬರಿನದು. ಮೂರೂ ಕೆಲಸಗಳು ಒಂದೆಡೆ ಸೇರುವುದು ಸಂದಿನಲ್ಲಿ. ಫಲಕವನ್ನು ಕಾರ್ಖಾನೆಯ ಅಚ್ಚು ಮಾಡುತ್ತದೆ. ಅದು ಸಾಮಾನ್ಯವಾಗಿ ತಪ್ಪುವುದಿಲ್ಲ. ಸಂದನ್ನು ಮಾತ್ರ ನಮ್ಮ ಊರಿನ ಕೈಗಳು ಮಾಡಬೇಕು. ಆ ಕೈಗೆ ಕಾರಣ ತಿಳಿದಿದ್ದರೆ ತೊಟ್ಟಿ ಬಾಳುತ್ತದೆ.

ಆ ಹುಡುಗನ ಶಾಲೆಯ ಮಟ್ಟಿಗೆ, ನಾವು ಹೊರಡುವ ಮುನ್ನ ಮುಖ್ಯೋಪಾಧ್ಯಾಯರು ಒಂದು ಕೆಲಸ ಮಾಡಿಸಿದ್ದರು. ಕೊಳವೆಯ ಮೇಲೆ ಹಳೆಯ ಗೋಣಿ ಸುತ್ತಿಸಿ, ಟಾಕಿಯ ಮೇಲೆ ಜೋಳದ ದಂಟಿನ ಚಪ್ಪರ ಹಾಕಿಸಿದ್ದರು. ಫಲಕದ ತೊಟ್ಟಿ ಬರುವ ತನಕ ಅದೂ ವಿಜ್ಞಾನವೇ.

ಮಾಡಿ ನೋಡಿ

ಒಂದೇ ಅಳತೆಯ ಮೂರು ಸ್ಟೀಲ್ ಡಬ್ಬಿಗಳಲ್ಲಿ ಸಮನಾಗಿ ನೀರು ತುಂಬಿ ಮುಚ್ಚಿ. ಒಂದನ್ನು ಹಾಗೆಯೇ ಬಿಡಿ. ಎರಡನೆಯದಕ್ಕೆ ತಳ-ಮುಚ್ಚಳ ಸೇರಿ ಥರ್ಮೋಕೋಲ್ ಸುತ್ತಿ. ಮೂರನೆಯದಕ್ಕೂ ಹಾಗೆಯೇ ಸುತ್ತಿ, ಡಬ್ಬಿಗೆ ತಾಗುವಂತೆ ಹೊರಗಿನಿಂದ ಹತ್ತು ಕಬ್ಬಿಣದ ಮೊಳೆಗಳನ್ನು ಥರ್ಮೋಕೋಲಿಗೆ ಚುಚ್ಚಿ. ಮೂರನ್ನೂ ಬಿಸಿಲಿನಲ್ಲಿಟ್ಟು ಅರ್ಧ ಗಂಟೆಗೊಮ್ಮೆ ತಾಪಮಾಪಕದಿಂದ ಅಳೆದು ಆಲೇಖ ಬರೆಯಿರಿ.

ಯೋಚಿಸಿ

1. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ತೊಟ್ಟಿಗೆ ಎಷ್ಟು ಫಲಕ, ಎಷ್ಟು ಮೀಟರ್ ಸಂದು, ಎಷ್ಟು ಮೂಲೆ?

2. ಉಕ್ಕಿನ ಬದಲು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟುಗಳಿದ್ದರೆ, ಅದರ ಉಷ್ಣವಾಹಕತೆ 16 ಎಂದು ಹಿಡಿದು, 16 ಬೋಲ್ಟುಗಳು ಎಷ್ಟು ಚದರ ಮೀಟರ್ ಫೋಮಿಗೆ ಸಮ?

3. ನಿಮ್ಮ ಶಾಲೆಯ ಟಾಕಿಯ ಗಾಳಿಕೊಳವೆಗೆ ಜಾಲರಿ ಇದೆಯೆ? ನೆಲದ ಮೇಲಿಂದಲೇ ನೋಡಿ, ಇಲ್ಲದಿದ್ದರೆ ಗುರುಗಳಿಗೆ ತಿಳಿಸಿ.